ಕುಂಕುಮ ಇಟ್ಟ ಮಿದುಳಿನ ಚಿತ್ರ

ಅರಿಶಿನದ ಕೊಂಬಿಗೆ ದಾರ ಕಟ್ಟುವ ಮೊದಲು ಅದರ ನಡುವೆ ಒಂದು ಸಣ್ಣ ಕಚ್ಚು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ದಾರ ಜಾರುತ್ತದೆ, ಮಲಗಿದಾಗ ಕೊಂಬು ಕತ್ತಿನ ಹಿಂದಕ್ಕೆ ಹೋಗಿ ಒತ್ತುತ್ತದೆ, ಅದನ್ನು ಸರಿಮಾಡಿಕೊಳ್ಳಲು ಸ್ಕ್ಯಾನಿಗೆ ಮಲಗಿದವರು ತಲೆ ಅಲುಗಿಸುತ್ತಾರೆ, ಚಿತ್ರ ಕೆಡುತ್ತದೆ.

ಮೊನ್ನೆ ಗೌರಿ ಹಬ್ಬದ ಸಾಮಾನಿಗೆಂದು ಜಯನಗರದ ಮಾರುಕಟ್ಟೆಗೆ ಹೋಗಿದ್ದೆ. ಅಮ್ಮ ತರಲು ಹೇಳಿದ್ದ ಕೊಂಬುಗಳನ್ನು ಆರಿಸುತ್ತಾ, ನನಗೇ ತಿಳಿಯದೆ ಒಂದೊಂದರ ನಡುವನ್ನೂ ಹೆಬ್ಬೆರಳ ಉಗುರಿನಿಂದ ಒತ್ತಿ ನೋಡುತ್ತಿದ್ದೆ. "ಮೇಡಂ, ತಗೊಳ್ಳೋದಾದ್ರೆ ತಗೊಳ್ಳಿ, ಹಂಗ್ ಗೀಚಿ ಗೀಚಿ ವಾಪಸ್ ಇಡ್ಬೇಡಿ," ಅಂದಳು ಅಂಗಡಿಯಾಕೆ. ನಾನು ಗೀಚಿದ್ದನ್ನೆಲ್ಲ ಕೊಂಡುಕೊಂಡೆ. ಬೆರಳಿಗೆ ಹತ್ತಿದ ವಾಸನೆ ನನ್ನ ಮಟ್ಟಿಗೆ ಹಬ್ಬದ್ದಾಗಿರಲಿಲ್ಲ. ಅದು ಎರಡು ವರ್ಷದ ಹಿಂದಿನ ಮಳೆಗಾಲದ್ದು, ಬೇಸಿಗೆಯಲ್ಲೂ ಸ್ವೆಟರ್ ಬೇಕೆನಿಸುವ ಒಂದು ಕೋಣೆಯದ್ದು.

ಆಗ ನಾನು ಜೆ.ಪಿ. ನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿದಿತ್ತು, ಪಿಎಚ್.ಡಿ.ಗೆ ಇನ್ನೂ ಸೇರಿರಲಿಲ್ಲ. ನಮ್ಮ ಅಧ್ಯಯನದ ಪ್ರಶ್ನೆಯನ್ನು ಯಾರಿಗಾದರೂ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಖಿನ್ನತೆ ಬಂದವರಲ್ಲಿ ಹೆಚ್ಚಿನವರು ಎಷ್ಟೇ ನರಳಿದರೂ ಜೀವ ಕಳೆದುಕೊಳ್ಳಲು ಮುಂದಾಗುವುದಿಲ್ಲ, ಕೆಲವರು ಮುಂದಾಗುತ್ತಾರೆ. ಈ ಎರಡು ಬಗೆಯವರ ಮಿದುಳು ಕೆಲಸ ಮಾಡುವ ರೀತಿಯಲ್ಲಿ ಏನಾದರೂ ವ್ಯತ್ಯಾಸ ಇದೆಯೇ? ಬೇಸರದ ಮುಖ, ಕೋಪದ ಮುಖಗಳನ್ನು ನೋಡಿದಾಗ, ಒಂದು ನಷ್ಟವನ್ನು ಎದುರಿಸಿದಾಗ, ಸುಮ್ಮನೆ ಮಲಗಿದಾಗ ಯಾವ ಭಾಗ ಯಾವುದರೊಂದಿಗೆ ಮಾತಾಡುತ್ತದೆ? ಅದಕ್ಕಾಗಿ ಜನರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆಯುತ್ತಿದ್ದೆವು. ಕೆಲವು ತಿಂಗಳ ನಂತರ ಅದೇ ಜನರನ್ನು ಇನ್ನೊಮ್ಮೆ ಕರೆಯುತ್ತಿದ್ದೆವು.

ಮನೆಯಲ್ಲಿ "ಬ್ರೈನ್ ಸ್ಕ್ಯಾನಿಂಗ್" ಎಂದಷ್ಟೇ ಹೇಳಿದ್ದೆ. ಅಮ್ಮ ಅದನ್ನು ನೆಂಟರಿಗೆ "ಡಾಕ್ಟರ್ ಥರಾನೇ" ಎಂದು ದಾಟಿಸುತ್ತಿದ್ದರು. ಎರಡೂ ಪೂರ್ತಿ ನಿಜವಲ್ಲ, ಎರಡೂ ಪೂರ್ತಿ ಸುಳ್ಳಲ್ಲ. ನಾನು ತಿದ್ದಲು ಹೋಗಲಿಲ್ಲ.

ಆ ವರ್ಷ ಮಳೆ ಸಂಜೆಯ ಮಳೆ. ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ ಶುರುವಾಗಿ, ಸಾರಕ್ಕಿ ಸಿಗ್ನಲ್ಲಿನಲ್ಲಿ ಬೈಕಿನವರನ್ನೆಲ್ಲ ಮೆಟ್ರೋ ಕಂಬಗಳ ಕೆಳಗೆ ಗುಂಪುಗುಂಪಾಗಿ ನಿಲ್ಲಿಸಿಬಿಡುತ್ತಿತ್ತು. ಬೆಳಿಗ್ಗೆ ಮಾತ್ರ ಆಕಾಶ ತೊಳೆದಿಟ್ಟ ಹಾಗೆ. ರೋಗಿಗಳ ಸರದಿ ಶುರುವಾಗುವ ಮೊದಲಿನ ಆ ಬೆಳಗಿನ ಹೊತ್ತು ಯಂತ್ರ ನಮ್ಮದು. ಬನಶಂಕರಿಯ ಮನೆಯಿಂದ ಹೊರಟು, ರಸ್ತೆಯುದ್ದಕ್ಕೂ ಬಿದ್ದ ಹಳದಿ ಹೂಗಳನ್ನು ತುಳಿಯದೆ ನಡೆಯಲು ನೋಡುತ್ತಾ ಮೆಟ್ರೋ ಹತ್ತುತ್ತಿದ್ದೆ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಇದನ್ನು ಸಂಕೋಚವಿಲ್ಲದೆ ಹೇಳಬಲ್ಲೆ. ಯಂತ್ರದ ಸದ್ದಿಗೆ ಹೆದರುವವರನ್ನು ಹೇಗೆ ಸಿದ್ಧಪಡಿಸಬೇಕು, ಯಾರು ಒಳಗೆ ನಿದ್ದೆ ಮಾಡುತ್ತಾರೆ, ಯಾರು ಅರ್ಧಕ್ಕೆ ಗುಂಡಿ ಒತ್ತಿ ಹೊರಬರುತ್ತಾರೆ ಎಂಬುದು ಕೋಣೆಗೆ ಬಂದು ಕೂತಾಗಲೇ ಅಂದಾಜಾಗುತ್ತಿತ್ತು.

ಆ ಯಂತ್ರದ ಬಳಿ ಲೋಹ ಹೋಗಕೂಡದು. ಬಳೆ, ಓಲೆ, ಕಾಲುಂಗುರ, ಪಿನ್ನು ಎಲ್ಲ ಟ್ರೇಗೆ. ತಾಳಿಯ ವಿಷಯ ಬಂದಾಗ ಮಾತ್ರ ಹೆಂಗಸರ ಕೈ ಕೊರಳಿಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಅದಕ್ಕೆಂದೇ ನಮ್ಮ ಡ್ರಾಯರಿನಲ್ಲಿ ಹಳದಿ ನೂಲಿನ ಉಂಡೆ, ಒಂದು ಡಬ್ಬಿ ಅರಿಶಿನದ ಕೊಂಬು ಇರುತ್ತಿತ್ತು. ಚಿನ್ನ ಬಿಚ್ಚುವ ಮೊದಲು ಇದನ್ನು ಕಟ್ಟಿಕೊಂಡರೆ ಕತ್ತು ಬರಿದಾಗುವುದಿಲ್ಲ. ಉಪಕರಣಗಳ ಪಟ್ಟಿಯಲ್ಲಿ ಇದು ಎಲ್ಲೂ ಇರಲಿಲ್ಲ. ಆದರೆ ಇದಿಲ್ಲದೆ ನಮ್ಮ ಅರ್ಧ ಅಧ್ಯಯನ ನಡೆಯುತ್ತಿರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ರೂಪ ಬಂದರು. ಇದು ಅವರ ಹೆಸರಲ್ಲ, ಜೊತೆಗೆ ಬಂದ ಅತ್ತೆಯ ಹೆಸರು ಜಯಮ್ಮ ಎಂಬುದೂ ನಾನಿಟ್ಟದ್ದು. ಜರಗನಹಳ್ಳಿಯವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡಿರುವ ಕುಟುಂಬ. ಬಾಡಿಗೆಯವರ ನೀರು, ಕರೆಂಟು, ಜಗಳ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದದ್ದು ಸೊಸೆ ರೂಪ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಹಿಂದಿನ ವರ್ಷ ಒಂದು ದಿನ ಅವರು ಜೀವ ಕಳೆದುಕೊಳ್ಳಲು ಹೊರಟು, ಮನೆಯವರು ಸಕಾಲಕ್ಕೆ ನೋಡಿ ಉಳಿಸಿಕೊಂಡಿದ್ದರು. ಆಮೇಲಿನಿಂದ ಮಾತ್ರೆ, ಕೌನ್ಸೆಲಿಂಗ್. ಮತ್ತು ಜಯಮ್ಮ.

ಜಯಮ್ಮ ಎಂದರೆ ಕಾವಲು. ರಾತ್ರಿ ಸೊಸೆಯ ಕೋಣೆಯಲ್ಲೇ ಹಾಸಿಗೆ ಹಾಸುತ್ತಿದ್ದರು, ರೂಪಳ ಗಂಡನಾದ ತಮ್ಮ ಮಗ ನಾಗೇಶನನ್ನು ಹಾಲ್‌ನಲ್ಲಿ ಮಲಗಲು ಕಳಿಸಿದ್ದರು. ರೂಪ ಅಂಗಡಿಗೆ ಹೊರಟರೆ ಹಿಂದೆಯೇ ಚಪ್ಪಲಿ ಮೆಟ್ಟುತ್ತಿದ್ದರು. ಆವತ್ತಿನ ಘಟನೆಗೆ ಆ ಮನೆಯಲ್ಲಿ ಹೆಸರಿರಲಿಲ್ಲ. "ಆವತ್ತು ಹಂಗಾಯ್ತಲ್ಲ," ಅಷ್ಟೇ.

"ತಾಳಿ ತೆಗ್ಯದಾ?" ಜಯಮ್ಮ ಎದ್ದು ನಿಂತರು. ನಾನು ಅರಿಶಿನದ ಕೊಂಬು ತೆಗೆದು ತೋರಿಸಿದೆ. ಅವರು ಅದನ್ನು ಮೂಸಿ, ದಾರ ಎಳೆದು ನೋಡಿದರು. "ನಿಮ್ಗೆ ಮದ್ವೆ ಆಗಿದ್ಯಾ?"

"ಇಲ್ಲ."

"ಹಂಗಾದ್ರೆ ಕೊಡಿ ಈ ಕಡೆ. ನಾನೇ ಕಟ್ತೀನಿ." ಕಟ್ಟಿದ ಮೇಲೆ ಒಳಗೆ ತಾವೂ ನಿಲ್ಲುತ್ತೇನೆಂದು ಹಟ ಹಿಡಿದರು. ಯಂತ್ರ ನಡೆಸುವ ಪ್ರಭು ಸರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಮ್ಮ, ನಿಮ್ಮ ಮೈಮೇಲಿರೋ ಒಡವೆ ಎಲ್ಲ ಬಿಚ್ಚೋಷ್ಟರಲ್ಲಿ ಸ್ಕ್ಯಾನೇ ಮುಗಿದಿರುತ್ತೆ," ಅಂದರು. ರೂಪ ನಕ್ಕುಬಿಟ್ಟರು. ಸೊಸೆ ನಕ್ಕದ್ದನ್ನು ನೋಡಿ ಜಯಮ್ಮ ಬೈಯಲು ತೆರೆದ ಬಾಯಿ ಮುಚ್ಚಿ ಕೂತರು.

ಸ್ಕ್ಯಾನ್ ಮುಗಿದು ಮಂಚ ಹೊರಗೆ ಸರಿದಾಗ ಸಾಮಾನ್ಯವಾಗಿ ಜನ ಮೊದಲು ಕೇಳುವುದು "ಮುಗೀತಾ?" ಎಂದು. ರೂಪ ಕೇಳಿದ್ದು ಬೇರೆ. "ಇನ್ನೊಂದು ಸ್ವಲ್ಪ ಹೊತ್ತು ಒಳಗಿರಬಹುದಾ?"

"ಯಾಕೆ? ಸದ್ದು ಜೋರಾಗಿರಲಿಲ್ವಾ?"

"ಸದ್ದು ಇರ್ಲಿ ಮೇಡಂ. ಯಾರೂ ನನ್ನ ಮುಖ ನೋಡ್ತಿರ್ಲಿಲ್ಲ. ಒಂದು ವರ್ಷ ಆಯ್ತು ಹಂಗಿದ್ದು. ಒಳಗೆ ಕಾಣೋ ಪ್ಲಸ್ ಗುರುತು ನೋಡ್ತಾ ಮಲ್ಕೊಳಿ ಅಂದ್ರಲ್ಲ, ಆಗ ಥರ್ಡ್ ಫ್ಲೋರ್‌ನವರ ಟ್ಯಾಂಕರ್ ನೀರಿನ ಜಗಳ ಹೆಂಗೆ ಬಗೆಹರಿಸೋದು ಅಂತ ಪೂರ್ತಿ ಯೋಚ್ನೆ ಮಾಡ್ಬಿಟ್ಟೆ."

ನನಗೆ ಅವರು ಇಷ್ಟವಾದದ್ದು ಆಗ. ನಾನು ಯಾರಿಗೂ ಸುಲಭಕ್ಕೆ ಹತ್ತಿರವಾಗುವವಳಲ್ಲ. ಒಬ್ಬಳೇ ಇರುವುದು ಎಷ್ಟು ಬೇಕಾದ ವಸ್ತು ಎಂಬುದು ಗೊತ್ತಿರುವವಳು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಸ್ಕ್ಯಾನಿಗೆ ಬಂದವರಿಗೆ ಪ್ರಭು ಸರ್ ಅವರದೇ ಮಿದುಳಿನ ಒಂದು ಚಿತ್ರವನ್ನು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತಿದ್ದರು. ಪಕ್ಕದಿಂದ ಕಾಣುವ ಚಿತ್ರ, ಮೂಗು ಗದ್ದದ ಗೆರೆಯೊಳಗೆ ಮಡಿಕೆ ಮಡಿಕೆಯ ಮಿದುಳು. ಬೆಳಿಗ್ಗೆ ಎದ್ದು ಬಂದು ಚಳಿ ಕೊರೆವ ಕೋಣೆಯಲ್ಲಿ ಅಲುಗದೆ ಮಲಗಿದ್ದಕ್ಕೆ ಒಂದು ನೆನಪಿನ ಕಾಣಿಕೆ. ಕಾಲೇಜು ಹುಡುಗರು ಅದನ್ನು ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಿದ್ದರು. ಕೊಡುವಾಗ ಪ್ರತಿಯೊಬ್ಬರಿಗೂ ನಾನು ಹೇಳುತ್ತಿದ್ದ ಮಾತು ಒಂದೇ: ಇದು ರಿಪೋರ್ಟ್ ಅಲ್ಲ, ಇದರಿಂದ ನಿಮ್ಮ ಆರೋಗ್ಯದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಜಯಮ್ಮನವರಿಗೂ ಹೇಳಿದೆ. ಅವರು ಚಿತ್ರವನ್ನು ಸೆರಗಿನಲ್ಲಿ ಒರೆಸಿ, ಮಡಿಸಬಾರದೆಂದು ಕ್ಯಾಲೆಂಡರಿನ ಹಾಗೆ ಸುರುಳಿ ಸುತ್ತಿ ಹಿಡಿದುಕೊಂಡು ಹೋದರು.

ಮುಂದೆ ನಡೆದದ್ದರಲ್ಲಿ ಹೆಚ್ಚಿನದು ನನಗೆ ಆಮೇಲೆ ತಿಳಿದದ್ದು. ಆದರೂ ಅನುಕ್ರಮದಲ್ಲೇ ಹೇಳುತ್ತೇನೆ.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದವರ ಮನೆಗೆ ದೊಡ್ಡ ಕವರು ಬರುತ್ತದೆ, ಅದನ್ನು ಬೆಳಕಿಗೆ ಹಿಡಿದು ಯಾರಾದರೂ ಏನಾದರೂ ಹೇಳುತ್ತಾರೆ. ಹೇಳುವವರಿಲ್ಲದ ಸ್ಕ್ಯಾನು ಜಯಮ್ಮನವರ ಲೆಕ್ಕದಲ್ಲಿ ಇರಲಾರದು. ಅವರ ಮೂರನೇ ಮಹಡಿಯ ಬಾಡಿಗೆಯ ಹುಡುಗ ಯಾವುದೋ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದ. ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದು ಕೇಳಿದಾಗ ಯಾವ ಬಾಡಿಗೆದಾರ ತಾನೆ ನನಗೆ ಗೊತ್ತಿಲ್ಲ ಎನ್ನುತ್ತಾನೆ? ಅವನು ಚಿತ್ರವನ್ನು ಟ್ಯೂಬ್‌ಲೈಟಿಗೆ ಹಿಡಿದು, "ಗಡ್ಡೆ ಗಿಡ್ಡೆ ಏನಿಲ್ಲ ಆಂಟಿ, ಫುಲ್ ನಾರ್ಮಲ್," ಅಂದ.

ಆ ಎರಡು ಮಾತು ಇಡೀ ಮನೆಯನ್ನು ಬದಲಾಯಿಸಿತು. ಜಯಮ್ಮ ಚಿತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದರು. ದೇವರ ಕೋಣೆಯಲ್ಲಿ, ಪಟಗಳ ಸಾಲಿನ ಕೊನೆಗೆ ಒರಗಿಸಿ, ದಿನವೂ ಕುಂಕುಮ ಇಟ್ಟರು. ತಮ್ಮ ಹಾಸಿಗೆ ಸುತ್ತಿ ವಾಪಸ್ ತಮ್ಮ ಕೋಣೆಗೆ ಒಯ್ದರು. ರೂಪ ಒಬ್ಬರೇ ಸಾರಕ್ಕಿ ಮಾರ್ಕೆಟ್ಟಿಗೆ ಹೋದರು. ಹೊಲಿಗೆ ಕ್ಲಾಸಿಗೆ ಸೇರಿದರು. ಫೋನಿನಲ್ಲಿ ನನಗೆ ಕ್ಲಾಸಿನ ಸುದ್ದಿ ಹೇಳುವಾಗ ಅವರ ದನಿಯ ಹಿಂದೆ ಬಸ್ಸುಗಳ ಹಾರ್ನ್ ಕೇಳಿಸುತ್ತಿತ್ತು. "ಮೇಡಂ, ಕನಕಪುರ ರೋಡ್ ಬಸ್‌ಸ್ಟಾಪಲ್ಲಿ ಒಬ್ಳೇ ನಿಂತಿದೀನಿ. ಬಸ್ಸು ಬರ್ದೇ ಇದ್ರೂ ಪರ್ವಾಗಿಲ್ಲ." ನನಗೂ ಖುಷಿಯಾಯಿತು. ಅತ್ತೆಗೆ ನಂಬಿಕೆ ಬಂದಿದೆ ಎಂದುಕೊಂಡೆ. ನಂಬಿಕೆ ಯಾವುದರ ಮೇಲೆ ನಿಂತಿದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾರ್ಮಲ್ ಇದ್ದ ಮೇಲೆ ಮಾತ್ರೆ ಯಾಕೆ ಎಂಬ ಪ್ರಶ್ನೆ ಶ್ರಾವಣದಲ್ಲಿ ಬಂತು. ಮಾತ್ರೆಯಿಂದ ಬೆಳಿಗ್ಗೆ ಏಳಲು ಆಗುವುದಿಲ್ಲ, ಮೈ ಬರುತ್ತದೆ, ವ್ರತದ ದಿನ ಸೊಸೆ ತೂಕಡಿಸುತ್ತಾಳೆ. ಜಯಮ್ಮ ಬಿಡು ಎಂದರು, ರೂಪ ಬಿಟ್ಟರು. ಡಾಕ್ಟರಿಗೆ ಹೇಳಲಿಲ್ಲ.

ಎರಡು ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡಿ ನಾನು ಕೆಲವು ಪ್ರಶ್ನೆಗಳನ್ನು ಕೇಳಬೇಕಿತ್ತು. ನಿದ್ದೆ, ಊಟ, ಮನಸ್ಸು, ಸಾಯಬೇಕೆಂಬ ಯೋಚನೆ. ರೂಪ ಯಾವಾಗಲೂ ಪ್ರಶ್ನೆ ಕೇಳಿಸಿಕೊಂಡು, ಸುಮ್ಮನಿದ್ದು, ಯೋಚಿಸಿ ಉತ್ತರ ಕೊಡುವವರು. ಭಾದ್ರಪದ ಹತ್ತಿರ ಬಂದಾಗಿನ ಆ ಕರೆಯಲ್ಲಿ ಮಾತ್ರ ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. "ಇಲ್ಲ ಮೇಡಂ. ಚೆನ್ನಾಗಿದೀನಿ. ಇಲ್ಲ. ಏನೂ ಇಲ್ಲ." ಕೊನೆಗೆ ನಾನು ಫೋನ್ ಇಡುವಾಗ ಅವರೇ ಕೇಳಿದರು.

"ಮೇಡಂ, ಎರಡನೇ ಸಲ ಸ್ಕ್ಯಾನ್ ತೆಗೀತೀರಲ್ಲ. ಅದರಲ್ಲಿ ಬೇರೆ ಥರ ಬಂದ್ರೆ, ಮನೇಲಿ ಗೊತ್ತಾಗುತ್ತಾ?"

"ಬೇರೆ ಥರ ಅಂದ್ರೆ?"

"ನಾರ್ಮಲ್ ಇಲ್ದೇ."

ಆಗ ಒಂದೊಂದಾಗಿ ಕೇಳಿದೆ. ಫೋಟೋ, ಮೂರನೇ ಮಹಡಿಯ ಹುಡುಗ, ಹಾಸಿಗೆ, ಮಾತ್ರೆ ಎಲ್ಲ ಹೊರಬಂತು. ನಿದ್ದೆಯ ಬಗ್ಗೆ ಮತ್ತೆ ಕೇಳಿದೆ. ಅವರು ಹಬ್ಬದ ಕೆಲಸದ ಮಾತು ತೆಗೆದರು. "ಇವತ್ತು ಸಂಜೆ ನಾನು ಮನೆಗೆ ಬರ್ಲಾ?" ಅಂದೆ. "ಬನ್ನಿ. ಆದ್ರೆ ಫೋಟೋ ಸುಳ್ಳು ಅಂತ ಹೇಳ್ಬೇಡಿ. ಅದೊಂದೇ ನನ್ನ ಹತ್ರ ಇರೋದು," ಅಂದರು.

ಅವರು ಕೇಳಿದ್ದು ಅರ್ಥವಾಗಿತ್ತು. ಫೋಟೋ ಅವರಿಗೆ ಬಸ್‌ಸ್ಟಾಪು ಕೊಟ್ಟಿತ್ತು, ಹೊಲಿಗೆ ಕ್ಲಾಸು ಕೊಟ್ಟಿತ್ತು. ಬದಲಿಗೆ ಬಾಯಿ ಕಟ್ಟಿತ್ತು. ಮನಸ್ಸು ಮತ್ತೆ ಕುಸಿಯುತ್ತಿದೆ ಎಂದರೆ ನಾರ್ಮಲ್ ಎಂಬುದು ಸುಳ್ಳಾಗುತ್ತದೆ, ಜಯಮ್ಮನ ಹಾಸಿಗೆ ವಾಪಸ್ ಬರುತ್ತದೆ. ಹೇಳದಿದ್ದರೆ ಏನಾಗಬಹುದೆಂದು ನಮ್ಮ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಅಧ್ಯಯನ ನಡೆಸುತ್ತಿದ್ದ ಗೈಡ್ ಅದೇ ಆಸ್ಪತ್ರೆಯ ಮನೋವೈದ್ಯೆ. ಅವರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು, "ಈಗಲೇ ಹೊರಡು. ಪರಿಸ್ಥಿತಿ ಸರಿಯಿಲ್ಲ ಅನ್ನಿಸಿದ್ರೆ ಇವತ್ತೇ ಕರ್ಕೊಂಡು ಬಾ, ನಾನು ಇರ್ತೀನಿ. ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಮೊದಲನೇ ಪೇಷಂಟ್ ಅವರೇ. ಅಲ್ಲಿ ಹೋಗಿ ಡಾಕ್ಟರ್ ಆಗ್ಬೇಡ. ಕೇಳು, ಅಷ್ಟೇ," ಅಂದರು. ಆಮೇಲೆ, "ಮಾತ್ರೆ ಬಿಟ್ಟಿದಾರೆ ಅಂದ್ರೆ ಅವರ ಎರಡನೇ ಸ್ಕ್ಯಾನ್ ನಮ್ಮ ಲೆಕ್ಕಕ್ಕೆ ಬರಲ್ಲ. ಗೊತ್ತಲ್ಲ?"

"ಗೊತ್ತು ಮೇಡಂ."

"ಬೇಜಾರಾ?"

"ಇಲ್ಲ," ಅಂದೆ. ನಿಜಕ್ಕೂ ಇರಲಿಲ್ಲ.

ಆವತ್ತು ಮಳೆ ಸ್ವಲ್ಪ ಬೇಗ ಬಂದಿತ್ತು. ಜರಗನಹಳ್ಳಿಯ ಒಳರಸ್ತೆಯಲ್ಲಿ ಅಂಗಡಿಗಳ ತಗಡಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಪಕ್ಕದಲ್ಲಿ ಜಯಮ್ಮನವರ ಮನೆಯ ಬಾಗಿಲು, ಮೇಲೆ ಸಾಲು ಸಾಲು ಬಾಲ್ಕನಿಗಳಲ್ಲಿ ಒಣಗದ ಬಟ್ಟೆ. ಜಯಮ್ಮ ನನ್ನನ್ನು ನೋಡಿ, "ಬನ್ನಿ ಬನ್ನಿ, ತಲೆ ಒರೆಸ್ಕೊಳಿ ಮೊದ್ಲು," ಎಂದು ಟವೆಲ್ಲು ತಂದುಕೊಟ್ಟು, ನೇರವಾಗಿ ದೇವರ ಕೋಣೆಗೆ ಕರೆದೊಯ್ದರು. ತೋರಿಸುವ ಆಸೆ ತಡೆಯದಾಗಿತ್ತು. ಗಣಪತಿ, ಲಕ್ಷ್ಮಿ, ಮನೆದೇವರು, ಕೊನೆಗೆ ರೂಪಳ ಮಿದುಳು. ಹಣೆಯ ಜಾಗದಲ್ಲಿ ಸರಿಯಾಗಿ ಕುಂಕುಮ.

"ನೀವು ಕೊಟ್ಟಿದ್ದೇ ಕೊಟ್ಟಿದ್ದು, ನಮ್ಮನೆ ಕಷ್ಟ ಕಳೀತು," ಅಂದರು. ರೂಪ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದರು. ಸಣ್ಣಗಾಗಿದ್ದರು. ನನ್ನನ್ನು ನೋಡಿ ಹೇಳಬೇಡಿ ಎನ್ನುವಂತೆ ತಲೆಯಾಡಿಸಿದರು.

ನಾನು ದೇವರ ಕೋಣೆಯ ಮುಂದೆ ಹಾಲ್‌ನ ನೆಲದ ಮೇಲೆ ಕೂತೆ. ಜಯಮ್ಮನೂ ಕೂತರು. "ಅಮ್ಮ, ನಿಮ್ಮ ಹೊಲದಲ್ಲಿ ರಾಗಿ ಬೆಳೀತಿದ್ರಲ್ಲ."

"ಹ್ಞೂಂ ಮತ್ತೆ. ಈ ಹಾಲ್ ಇದೆಯಲ್ಲ, ಇಲ್ಲೇ ಕಣ ಇತ್ತು."

"ಪಕ್ಕದ ಹೊಲದವರ ರಾಗಿಗಿಂತ ನಿಮ್ಮ ರಾಗಿ ಒಂಚೂರು ಎತ್ತರ ಇದೆ ಅನ್ಕೊಳಿ. ದೂರದಲ್ಲಿ ನಿಂತು ಎರಡು ಹೊಲ ನೋಡಿದ್ರೆ ಹೇಳ್ಬಹುದು. ಆದ್ರೆ ಯಾರೋ ಬಂದು ನಿಮ್ಮ ಕೈಗೆ ಒಂದೇ ಒಂದು ತೆನೆ ಕೊಟ್ಟು, ಇದು ಯಾವ ಹೊಲದ್ದು ಹೇಳು ಅಂದ್ರೆ?"

"ನಾನಾದ್ರೆ ಹೇಳ್ತಿದ್ದೆ," ಅಂದರು ಜಯಮ್ಮ ಥಟ್ಟನೆ. ಆಮೇಲೆ ನಕ್ಕರು. "ಇಲ್ಲ ಬಿಡಿ, ಸುಳ್ಳು. ಯಾರು ಹೇಳಕ್ಕಾಗುತ್ತೆ."

"ನಮ್ಮ ಕೆಲಸ ಹೊಲ ನೋಡೋದು. ತುಂಬಾ ಜನರ ಚಿತ್ರ ಒಟ್ಟಿಗೆ ಇಟ್ಟು ನೋಡಿದ್ರೆ ಒಂದು ಸಣ್ಣ ವ್ಯತ್ಯಾಸ ಕಾಣಬಹುದು. ಅದೂ ಇನ್ನೂ ಪೂರ್ತಿ ಗೊತ್ತಿಲ್ಲ. ಈ ಒಂದು ಚಿತ್ರ ನೋಡಿ ರೂಪಗೆ ವಾಸಿಯಾಗಿದೆ ಅಂತ ಯಾರೂ ಹೇಳಕ್ಕಾಗಲ್ಲ. ವಾಸಿಯಾಗಿಲ್ಲ ಅಂತಾನೂ ಹೇಳಕ್ಕಾಗಲ್ಲ. ನಾನೂ ಹೇಳಲಾರೆ, ನಮ್ಮ ದೊಡ್ಡ ಡಾಕ್ಟ್ರೂ ಹೇಳಲಾರರು."

ಜಯಮ್ಮನವರ ಮುಖದಲ್ಲಿ ನಗು ಹಾಗೇ ಇತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದವರ ಹಾಗೆ. "ಅಷ್ಟು ದೊಡ್ಡ ಮಿಷನ್ನು," ಅಂದರು. "ಅದಕ್ಕೇ ಗೊತ್ತಾಗಲ್ಲ ಅಂದ್ರೆ ನಮ್ಗೆ ಹೆಂಗೆ ಗೊತ್ತಾಗ್ಬೇಕು?"

"ಅವರನ್ನೇ ಕೇಳ್ಬೇಕು."

"ಏನಂತ?"

ರೂಪ ಕಾಫಿ ಲೋಟಗಳನ್ನು ಕೆಳಗಿಟ್ಟಿದ್ದರು. ನಾನು ಅವರನ್ನು ಕೇಳಿದೆ, "ನಿಮ್ಮ ಹತ್ರ ಕೆಲವು ಮಾತು ಕೇಳ್ಬೇಕು. ಅತ್ತೆ ಇಲ್ಲೇ ಇರ್ಲೋ, ಹೊರಗೆ ಕೂರ್ಲೋ? ನೀವು ಹೇಳಿದ ಹಾಗೆ."

ಜಯಮ್ಮ ಏಳಲಿಲ್ಲ. ಏಳಲಾರದವರ ಹಾಗೆ ನೆಲಕ್ಕೆ ಕೈಯೂರಿ ಕೂತಿದ್ದರು. ರೂಪ ಅವರನ್ನೇ ನೋಡುತ್ತಾ, "ಇರ್ಲಿ," ಅಂದರು. "ಇಲ್ಲಾಂದ್ರೆ ಆಮೇಲೆ ಇನ್ನೊಂದ್ಸಲ ಹೇಳ್ಬೇಕಾಗುತ್ತೆ. ಎರಡು ಸಲ ನನ್ನ ಕೈಲಿ ಆಗಲ್ಲ."

ನಾನು ಕೇಳಿದೆ. ಸುತ್ತುಬಳಸಿ ಅಲ್ಲ. ಅದನ್ನು ಹಾಗೆ ಕೇಳಲು ನಮಗೆ ಕಲಿಸಿದ್ದರು, ಅಷ್ಟು ದಿನದ ಕೆಲಸದಲ್ಲಿ ನಾನೂ ಕಲಿತಿದ್ದೆ. "ರೂಪ, ಈ ವಾರ ಸಾಯಬೇಕು ಅಂತ ಅನ್ನಿಸಿತ್ತಾ? ಜೀವ ಕಳ್ಕೊಬೇಕು ಅನ್ನೋ ಯೋಚನೆ ಬಂದಿತ್ತಾ?"

"ಅಯ್ಯೋ, ಬಿಡ್ತು ಅನ್ನಿ!" ಜಯಮ್ಮ ನನ್ನ ಮೊಣಕೈ ಹಿಡಿದರು. "ದೀಪ ಹಚ್ಚೋ ಹೊತ್ತಲ್ಲಿ, ದೇವರ ಮುಂದೆ ಎಂಥಾ ಮಾತು ಮೇಡಂ ಅದು? ಇಲ್ದೇ ಇರೋದನ್ನ ನೀವೇ ತಲೆಗೆ ತುಂಬ್ತೀರಾ?"

"ಕೇಳಿದ್ರಿಂದ ಬರಲ್ಲ ಅಮ್ಮ. ಬಂದಿದ್ರೆ ಹೇಳೋಕೆ ದಾರಿಯಾಗುತ್ತೆ."

ಹೊರಗೆ ಯಾರೋ ಬಾಡಿಗೆಯವರು ಮೆಟ್ಟಿಲ ಮೇಲೆ ಒದ್ದೆ ಚಪ್ಪಲಿಯಲ್ಲಿ ಹತ್ತಿ ಹೋದರು. ಆ ಸದ್ದು ಮೇಲೇರಿ ಕರಗುವವರೆಗೆ ರೂಪ ಸುಮ್ಮನಿದ್ದರು. ಫೋನಿನ ಹಾಗಲ್ಲ, ಮೊದಲಿನ ಹಾಗೆ, ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು.

"ಬಂದಿತ್ತು," ಅಂದರು. "ಎರಡು ವಾರದಿಂದ ಬರ್ತಿದೆ. ಹಬ್ಬಕ್ಕೆ ಹೂವು ಕಟ್ತಾ ಕೂತಿರೋವಾಗ್ಲೂ."

ಮುಂದಿನ ಪ್ರಶ್ನೆಗಳನ್ನೂ ಕೇಳಿದೆ, ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಯೋಚನೆ ಇತ್ತು, ಏನು ಮಾಡಬೇಕೆಂಬ ನಿರ್ಧಾರ ಇರಲಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ ಎಂದರು. ಜಯಮ್ಮನ ಕೈ ನನ್ನ ಮೊಣಕೈ ಮೇಲೇ ಇತ್ತು, ಹಿಡಿತ ಸಡಿಲವಾಗಿತ್ತು.

"ನನ್ಗ್ಯಾಕವ್ವ ಹೇಳ್ಲಿಲ್ಲ?" ಅಂದರು ಕೊನೆಗೆ. ಸೊಸೆಗೆ ಅವರು ಅವ್ವ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹೇಳಿದ್ರೆ ಹಾಸಿಗೆ ಎತ್ಕೊಂಡು ಬರ್ತೀರ. ಬಾತ್‌ರೂಮ್ ಹೊರಗೆ ನಿಂತ್ಕೋತೀರ. ನಾನು ಕೆಮ್ಮಿದ್ರೆ ಎದ್ದು ಲೈಟ್ ಹಾಕ್ತೀರ." ರೂಪಳ ದನಿ ಏರಲಿಲ್ಲ. "ಆವತ್ತು ಹಂಗಾಯ್ತಲ್ಲ, ಆವತ್ತು ಹಂಗಾಯ್ತಲ್ಲ ಅಂತೀರ. ಏನಾಯ್ತು ಅಂತ ಒಂದ್ಸಲನೂ ಕೇಳಿಲ್ಲ ನೀವು. ಈ ಮೇಡಂ ಯಾರೋ ಏನೋ, ಅವರು ಕೇಳಿದ್ರು."

"ಕೇಳಿದ್ರೆ ಮತ್ತೆ ನೆನಪಾಗುತ್ತೇನೋ ಅಂತ ಹೆದ್ರಿಕೆ ಕಣೇ."

"ನಾನೆಲ್ಲಿ ಮರ್ತಿದೀನಿ ಅತ್ತೆ?"

ಜಯಮ್ಮ ಅತ್ತರು, ಸದ್ದಿಲ್ಲದೆ, ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿ. ಸ್ವಲ್ಪ ಹೊತ್ತಿಗೆ ಅವರೇ ಎದ್ದು, ಮುಖ ತೊಳೆದು, ದೀಪ ಹಚ್ಚಿ ಬಂದು ಕೂತು, "ಈಗ ಏನ್ಮಾಡ್ಬೇಕು ಹೇಳಿ," ಅಂದರು. ಬಾಡಿಗೆಯವರ ಪೈಪು ಒಡೆದಾಗ ಕೇಳುವ ದನಿಯಲ್ಲಿ. ಅದೇ ಸರಿಯಾದ ದನಿ.

ಗೈಡ್‌ಗೆ ಫೋನ್ ಮಾಡಿ ರೂಪಳಿಗೆ ಕೊಟ್ಟೆ. ಅವರು ಮಾತಾಡಿ ಮುಗಿಸಿದ ಮೇಲೆ ಎಲ್ಲ ತೀರ್ಮಾನವಾಯಿತು. ನಾಳೆ ಬೆಳಿಗ್ಗೆ ಆಸ್ಪತ್ರೆ. ಮಾತ್ರೆಯನ್ನು ಅಲ್ಲಿ ಹೇಳಿದ ಹಾಗೆ ಶುರುಮಾಡುವುದು, ನಾವೇ ಏನೂ ಮಾಡುವುದು ಬೇಡ. ಮಧ್ಯೆ ಕಷ್ಟವಾದರೆ ಕರೆ ಮಾಡಲು ಸಹಾಯವಾಣಿಯ ಸಂಖ್ಯೆಯನ್ನು ಇಬ್ಬರ ಫೋನಿಗೂ ಹಾಕಿದೆ. ಇವತ್ತು ರಾತ್ರಿ ರೂಪ ಒಬ್ಬರೇ ಇರುವುದು ಬೇಡ ಎಂದು ಡಾಕ್ಟರ್ ಹೇಳಿದ್ದರು. ಯಾರು ಜೊತೆಗಿರಬೇಕು ಎಂಬುದನ್ನು ರೂಪ ಅವರೇ ಹೇಳಲಿ ಎಂದೆ.

"ನಾಗೇಶ ಇದ್ರೆ ಸಾಕಾ?" ಅಂದರು ಜಯಮ್ಮ, ಮೊದಲ ಸಲ ಸೊಸೆಯ ಅಪ್ಪಣೆ ಕೇಳುವವರಂತೆ.

"ಅವರು ನನಗಿಂತ ಹೆಚ್ಚು ಹೆದರ್ತಾರೆ. ನೀವೇ ಬನ್ನಿ. ಗೊರಕೆ ಹೊಡೀಬಾರ್ದು."

"ನಾನೆಲ್ಲಿ ಗೊರಕೆ ಹೊಡೀತೀನಿ?"

"ಸೆಕೆಂಡ್ ಫ್ಲೋರ್‌ನವರು ಕಂಪ್ಲೇಂಟ್ ಕೊಟ್ಟಿದಾರೆ."

ಹೊರಡುವ ಮೊದಲು ನಾನು ಜಯಮ್ಮನವರಿಗೆ ಒಂದು ಮಾತು ಹೇಳಿದೆ. ಹೇಳಿದ್ದಕ್ಕೆ ರೂಪಳಿಗೆ ಶಿಕ್ಷೆಯಾಗಬಾರದು. ಡಾಕ್ಟರ್ ಹೇಳುವಷ್ಟು ದಿನ ಜೊತೆಗಿರಿ, ಆಮೇಲೆ ಬಸ್‌ಸ್ಟಾಪಿಗೂ ಕ್ಲಾಸಿಗೂ ಒಬ್ಬರನ್ನೇ ಕಳಿಸಿ. ಬಾಗಿಲಲ್ಲಿ ನಿಂತು ಕಾಯುವ ಬದಲು ದಿನಕ್ಕೊಂದು ಸಲ ಎದುರಿಗೆ ಕೂತು ಕೇಳಿ. ನಾನು ಕೇಳಿದ ಅದೇ ಮಾತಿನಲ್ಲಿ.

"ಆ ಮಾತು ನನ್ ಬಾಯಲ್ಲಿ ಬರಲ್ಲ ಮೇಡಂ."

"ಬರುತ್ತೆ."

"ನೀವು ಓದ್ದೋರು. ನಿಮ್ಗೆ ಬರುತ್ತೆ."

"ನನಗೂ ಮೊದಲನೇ ಸಲ ಬಂದಿರಲಿಲ್ಲ," ಅಂದೆ. ಅದು ನಿಜ.

ಅವರು ದೇವರ ಕೋಣೆಯ ಕಡೆ ನೋಡಿದರು. "ಹಂಗಾದ್ರೆ ಅದನ್ನೇನ್ಮಾಡ್ಲಿ? ಕುಂಕುಮ ಇಟ್ಟಿದೀನಿ, ಎಸೆಯಂಗಿಲ್ಲ."

"ಇರ್ಲಿ ಬಿಡಿ ಅತ್ತೆ," ಅಂದರು ರೂಪ ಲೋಟ ಎತ್ತಿಕೊಳ್ಳುತ್ತಾ. "ನನ್ನ ತಲೆ ತಾನೆ. ಪೂಜೆ ಆಗ್ಲಿ."

ಮನೆಗೆ ಬಂದಾಗ ನಾನು ಪೂರ್ತಿ ನೆನೆದಿದ್ದೆ. ಅಮ್ಮ ಏನಾಯಿತೆಂದು ಕೇಳಿದರು, ಕೆಲಸವಿತ್ತು ಎಂದೆ. ಮಲಗುವಾಗ ನನಗೆ ಹೆದರಿಕೆಯಿತ್ತೇ ಎಂದು ಈಗ ಯೋಚಿಸುತ್ತೇನೆ. ಇತ್ತು. ಆದರೆ ಆ ಮನೆಯಲ್ಲಿ ಈಗ ಇಬ್ಬರಿಗೆ ವಿಷಯ ಗೊತ್ತಿತ್ತು, ಒಬ್ಬರಿಗಲ್ಲ. ಅದರ ಮೇಲೆ ಭಾರ ಹಾಕಿ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಹೊರರೋಗಿ ವಿಭಾಗ ತೆರೆಯುವ ಮೊದಲೇ ಹೋಗಿ ಗೇಟಿನ ಬಳಿ ನಿಂತೆ. ಒಂದು ಆಟೋ ಬಂತು, ಬೇರೆ ಯಾರೋ. ಇನ್ನೊಂದು ಬಂತು, ಅದೂ ಅಲ್ಲ. ಆಮೇಲೆ ಬಂದ ಆಟೋದಿಂದ ಮೊದಲು ರೂಪ ಇಳಿದರು, ಹಿಂದೆ ಜಯಮ್ಮ, ಕಿವಿ ಕೈ ಎಲ್ಲ ಬೋಳು. ಎಲ್ಲಿ ಸ್ಕ್ಯಾನಿನ ದಿನದ ಹಾಗೆ ಒಳಗೆ ಬಿಡುವುದಿಲ್ಲ ಎಂದುಬಿಡುತ್ತಾರೋ ಎಂದು ಒಡವೆಯನ್ನೆಲ್ಲ ಮನೆಯಲ್ಲೇ ಬಿಚ್ಚಿಟ್ಟು, ಕೊರಳಿಗೆ ಹಳೆಯ ಒಂದು ತಾಳಿದಾರ ಮಾತ್ರ ಕಟ್ಟಿಕೊಂಡು ಬಂದಿದ್ದರು. ಇಬ್ಬರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿದ್ದವು.

"ಎದ್ದ ತಕ್ಷಣ ಕೇಳ್ದೆ ಮೇಡಂ," ಅಂದರು ಜಯಮ್ಮ, ನಾನು ಬಾಯಿ ತೆರೆಯುವ ಮೊದಲೇ. "ನೀವು ಕೇಳ್ದಂಗೇ. ಏನಂದ್ಳು ಅಂತ ಮಾತ್ರ ನಿಮ್ಗೆ ಹೇಳಲ್ಲ. ಅದು ನಮ್ಮಿಬ್ರುದ್ದು."

ರೂಪ ನನ್ನ ಕಡೆ ನೋಡಲಿಲ್ಲ. ಅತ್ತೆಯ ಭುಜದ ಮೇಲೆ ಸರಿದಿದ್ದ ಸೆರಗನ್ನು ಎಳೆದು ಸರಿಮಾಡುತ್ತಿದ್ದರು. ಅವರಿಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಅವರ ಚೀಟಿ ಮಾಡಿಸಲು ಹೋಗಿ ಸಾಲಿನಲ್ಲಿ ನಿಂತೆ.